ಬೇಸಗೆ ಯಾರ ಋತು?

ಕನ್ನಡ ಕಾವ್ಯದಲ್ಲಿ ಋತುವರ್ಣನೆಗೆ ಎಂದೂ ಬರ ಬಂದಿಲ್ಲ. ಮಹಾಕಾವ್ಯವೆನಿಸಿಕೊಳ್ಳುವ ಕೃತಿಯಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂಬುದು ಲಾಕ್ಷಣಿಕರ ಮತ. ಸಮುದ್ರ, ಪರ್ವತ, ನಗರ, ಚಂದ್ರೋದಯ, ಸೂರ್ಯೋದಯ ಮೊದಲಾದವುಗಳ ಸಾಲಿನಲ್ಲಿ ಅವರು ಋತುವಿಗೂ ಒಂದು ಆಸನವನ್ನು ಕೊಟ್ಟರು. ದಂಡಿಯ ‘ಕಾವ್ಯಾದರ್ಶ’ದಲ್ಲಿ ಇಂತಹ ವಿಧಿಯುಂಟು, ಆ ಗ್ರಂಥವನ್ನು ಬಹುಮಟ್ಟಿಗೆ ಆಧಾರವಾಗಿಟ್ಟುಕೊಂಡ ‘ಕವಿರಾಜಮಾರ್ಗ’ವು ೯ನೆಯ ಶತಮಾನದಲ್ಲಿಯೇ ನಮ್ಮ ಕವಿಗಳಿಗೆ ದಾರಿ ತೋರಿಸಿತು. ಅಂದಿನಿಂದ ಇಂದಿನವರೆಗೆ ವಸಂತ, ಗ್ರೀಷ್ಮ, ವರ್ಷಾ, ಶರತ್ತುಗಳು ನಮ್ಮ ಸಾಹಿತ್ಯದಲ್ಲಿ ಸರದಿ ತಪ್ಪದೆ ಬಂದು ಹೋಗುತ್ತಿವೆ. ಇಷ್ಟಾಗಿಯೂ, ಧರ್ಮಪುರಿ ಜಿಲ್ಲೆಯ ಮೊರಪ್ಪೂರಿನಂತಹ ಬಯಲುಸೀಮೆಯ ಊರಿನಲ್ಲಿದ್ದು ಈ ವರ್ಣನೆಗಳನ್ನು ಓದುವ ನಮಗೆ ಒಂದು ಪ್ರಶ್ನೆಯೇಳುತ್ತದೆ. ಈ ಬೇಸಗೆ ಯಾರದು? ಇದರೊಳಗೆ ಮನೆಯೆಲ್ಲಿದೆ?

ಕವಿಗಳಲ್ಲಿ ಕೊರತೆಯನ್ನು ಹುಡುಕುವುದು ನಮ್ಮ ಉದ್ದೇಶವಲ್ಲ. ಕನ್ನಡವನ್ನು ಕಲಿಸುವವರೂ ಕಲಿಯುವವರೂ ಈ ಪತ್ರಿಕೆಯ ವಾಚಕರು. ಬೇಸಗೆಯನ್ನು ಕುರಿತು ಒಂದು ಪುಟ ಬರೆಯಿರೆಂದು ಹೇಳಿದರೆ ನಮ್ಮ ಮಕ್ಕಳು ಏನು ಬರೆಯುತ್ತಾರೆಂಬುದು ಉಪಾಧ್ಯಾಯರೆಲ್ಲರಿಗೂ ಗೊತ್ತು. ಕೋಗಿಲೆ ಹಾಡುತ್ತದೆ, ಮಾವು ಚಿಗುರುತ್ತದೆ, ಆಮೇಲೆ ಮುಂಗಾರು ಬಂದು ಹೊಳೆಗಳು ತುಂಬಿ ಹರಿಯುತ್ತವೆ. ಹೀಗೆ ಬರೆದ ಹುಡುಗನ ಮನೆಯ ಮುಂದೆ ಹೊಳೆಯಿಲ್ಲ. ಅವನ ಊರಿನಲ್ಲಿ ಜೂನ್ ತಿಂಗಳಲ್ಲಿ ಕೆರೆಯೂ ತುಂಬುವುದಿಲ್ಲ. ಅವನು ಸುಳ್ಳು ಬರೆದನೆಂದು ಹೇಳಲಾಗದು, ಓದಿದ್ದನ್ನು ಬರೆದನು. ಆದುದರಿಂದ ಅವನು ಓದಿದ್ದರಲ್ಲಿ ಏನಿದೆ, ಏನಿಲ್ಲ ಎಂಬ ವಿಚಾರವು ಕೇವಲ ಪಂಡಿತರ ವಿಚಾರವಲ್ಲ.

ಮೊದಲು ಶಾಸ್ತ್ರವನ್ನು ನೋಡೋಣ. ಅಲಂಕಾರಶಾಸ್ತ್ರದಲ್ಲಿ ಋತುವಿಗೆ ಉದ್ದೀಪನ ವಿಭಾವವೆಂದು ಹೆಸರು. ಅಂದರೆ ನಾಯಕ ನಾಯಿಕೆಯರ ಮನಸ್ಸಿನಲ್ಲಿ ಮೊದಲೇ ಇರುವ ಭಾವವನ್ನು ಹೊತ್ತಿಸಿ ಬೆಳಗಿಸುವುದು ಅದರ ಕೆಲಸ. ಋತುವೇ ಕಾವ್ಯದ ವಸ್ತುವಲ್ಲ, ಅದು ದೀಪಕ್ಕೆ ಎರೆಯುವ ಎಣ್ಣೆ. ಕಾಳಿದಾಸನ ‘ಋತುಸಂಹಾರ’ವು ಆರು ಋತುಗಳಲ್ಲಿ ಗ್ರೀಷ್ಮವನ್ನೇ ಮೊದಲಿಗೆ ಎತ್ತಿಕೊಳ್ಳುತ್ತದೆ. ಅಲ್ಲಿ ಪ್ರಿಯೆಯನ್ನು ಸಂಬೋಧಿಸುವ ನಾಯಕನಿದ್ದಾನೆ. ಕಾರಂಜಿಯ ಮನೆ, ಚಂದನದ ಲೇಪ, ಬೆಳುದಿಂಗಳ ಇರುಳು ಎಲ್ಲವೂ ಇವೆ. ಕಾಡಿನಲ್ಲಿ ಬಿಸಿಲಿಗೆ ಬೆಂದ ಹಾವು ತನ್ನ ಹಗೆಯಾದ ನವಿಲಿನ ಗರಿಯ ನೆರಳಿನಲ್ಲಿಯೇ ಬಂದು ಮಲಗುವ ಚಿತ್ರವೂ ಇದೆ. ಈ ಚಿತ್ರ ಅಸಾಮಾನ್ಯವಾದುದು. ಸುಡುವ ಬಿಸಿಲು ವೈರವನ್ನು ಮರೆಯಿಸುತ್ತದೆಂಬುದು ಕವಿಯ ದರ್ಶನ. ಆದರೆ ಅರಮನೆಗೂ ಅರಣ್ಯಕ್ಕೂ ನಡುವೆ ಇರುವ ಸಾಮಾನ್ಯ ಮನೆಯೊಂದರ ಒಳಕ್ಕೆ ಆ ಬೇಸಗೆ ಕಾಲಿಡುವುದಿಲ್ಲ. ನೀರು ಅಲ್ಲಿ ಕಾರಂಜಿಯಾಗಿ ಚಿಮ್ಮುತ್ತದೆ. ಅದನ್ನು ಯಾರು ಹೊತ್ತು ತಂದರೆಂದು ಕೇಳುವ ಅವಕಾಶವಿಲ್ಲ.

ಇನ್ನೊಂದು ತೊಡಕೂ ಉಂಟು. ಪಂಚಾಂಗದ ಲೆಕ್ಕದಂತೆ ಚೈತ್ರ ವೈಶಾಖಗಳು ವಸಂತ; ಜ್ಯೇಷ್ಠ ಆಷಾಢಗಳು ಗ್ರೀಷ್ಮ. ನಮ್ಮ ಸೀಮೆಯ ಅತಿ ಕಡುಬಿಸಿಲು ಬೀಳುವುದು ವೈಶಾಖದಲ್ಲಿ. ಮೇ ತಿಂಗಳ ಮೊದಲ ವಾರದಿಂದ ಕೊನೆಯ ವಾರದವರೆಗಿನ ದಿನಗಳನ್ನು ಇಲ್ಲಿನ ತಮಿಳರು ‘ಅಗ್ನಿನಕ್ಷತ್ರ’ವೆಂದೂ ಕತ್ತರಿ ಬಿಸಿಲೆಂದೂ ಕರೆಯುತ್ತಾರೆ. ಕಾವ್ಯದ ಪ್ರಕಾರ ಅದರಲ್ಲಿ ಬಹುಭಾಗ ವಸಂತ ಋತು! ಬಾವಿಯ ತಳ ಕಾಣಿಸುತ್ತಿರುವ ದಿನಗಳಿಗೆ ಋತುರಾಜನೆಂಬ ಬಿರುದನ್ನು ಕೊಟ್ಟು ಮಕ್ಕಳಿಂದ ಕಂಠಪಾಠ ಮಾಡಿಸುವ ಸಂಕಟ ನಮ್ಮದಾಗಿದೆ.

ಹಾಗಾದರೆ ಮನೆಯೊಳಗಿನ ಬೇಸಗೆ ಹೇಗಿರುತ್ತದೆ? ಅದು ನಸುಕಿಗೆ ಮುಂಚೆಯೇ ಏಳುತ್ತದೆ. ಬಿಸಿಲೇರುವ ಮೊದಲು ನೀರು ತರಬೇಕು, ಬೀಸಬೇಕು, ಒಲೆ ಹೊತ್ತಿಸಿ ಆರಿಸಬೇಕು. ಹಿಂದಿನ ರಾತ್ರಿ ಕಾಯಿಸಿಟ್ಟ ರಾಗಿಯಂಬಲಿ ಬೆಳಿಗ್ಗೆಗೆ ಹದವಾಗಿ ಹುಳಿತಿರುತ್ತದೆ. ಅದಕ್ಕೆ ಮಜ್ಜಿಗೆ ಬೆರಸಿ, ಈರುಳ್ಳಿ ನಂಚಿಕೊಂಡು ಕುಡಿದರೆ ಮಧ್ಯಾಹ್ನದವರೆಗೆ ಹೊಟ್ಟೆ ತಣ್ಣಗಿರುತ್ತದೆ. ಮಳೆಗಾಲದಲ್ಲಿ ಮಾಡಲಾಗದ ಕೆಲಸಗಳೆಲ್ಲ ಈಗಲೇ ಆಗಬೇಕು. ಹುಣಸೆಯನ್ನು ಬಡಿದು, ನಾರು ಬಿಡಿಸಿ, ಬೀಜ ತೆಗೆದು, ಉಪ್ಪು ಬೆರಸಿ ಮಡಕೆಗೆ ತುಂಬಬೇಕು. ಸಂಡಿಗೆ, ಹಪ್ಪಳಗಳನ್ನು ಒಣಗಿಸಿ ಕಾಗೆಯನ್ನು ಕಾಯಬೇಕು. ಮೆಣಸಿನಕಾಯಿ ಒಣಗಬೇಕು, ಕಾಳಿಗೆ ಹುಳು ಬೀಳದಂತೆ ಬಿಸಿಲು ಕಾಣಿಸಬೇಕು. ಮನೆಯ ಸೂರನ್ನು ಸರಿಮಾಡಿಕೊಳ್ಳಬೇಕು. ಗಂಡಸರಿಗೆ ಹೊಲದ ಕೆಲಸ ಕಡಮೆಯಾಗುವ ಈ ಕಾಲದಲ್ಲಿ ಹೆಂಗಸರಿಗೆ ಮನೆಯ ಕೆಲಸ ಇಮ್ಮಡಿಯಾಗುತ್ತದೆ. ಹೊಲದವನ ಬಿಡುವಿನ ಋತು ಮನೆಯವಳ ದುಡಿಮೆಯ ಋತು. ಉರಿಬಿಸಿಲಿನಲ್ಲಿ ಬೇವು ಹೂ ಬಿಡುತ್ತದೆ, ಹೊಂಗೆ ಹೊಸ ಎಲೆ ಹೊದ್ದು ದಟ್ಟನೆಯ ನೆರಳು ಕೊಡುತ್ತದೆ. ಆ ನೆರಳಿನಲ್ಲಿ ಮಾತು ಬಿಟ್ಟಿದ್ದ ವಾರಗಿತ್ತಿಯರೂ ಒಂದೇ ಚಾಪೆಯ ಮೇಲೆ ಹುಣಸೆ ಬಿಡಿಸಲು ಕುಳಿತುಕೊಳ್ಳುತ್ತಾರೆ. ಕಾಳಿದಾಸನ ಹಾವು ನವಿಲುಗಳು ನಮ್ಮ ಹಿತ್ತಿಲಿಗೂ ಬರುತ್ತವೆ. ವೇಷ ಮಾತ್ರ ಬೇರೆ.

ಈ ಬೇಸಗೆ ನಮ್ಮ ನವೋದಯ ಕಾವ್ಯದಲ್ಲಿ ಎಷ್ಟರಮಟ್ಟಿಗೆ ಮೂಡಿದೆ? ಕುವೆಂಪು ಅವರು ಮಲೆನಾಡಿನ ಹಸಿರನ್ನೂ ಮಳೆಯನ್ನೂ ಕನ್ನಡಕ್ಕೆ ಶಾಶ್ವತವಾಗಿ ಒದಗಿಸಿಕೊಟ್ಟರು. ೧೯೩೩ರ ‘ಮಲೆನಾಡಿನ ಚಿತ್ರಗಳು’ ಗದ್ಯದಲ್ಲಿಯೂ ಅದೇ ಸಿರಿ. ಬೇಂದ್ರೆಯವರು ಶ್ರಾವಣದ ಕವಿಯೆಂದೇ ಪ್ರಸಿದ್ಧರು. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ (೧೯೪೨) ಕನ್ನಡದ ಮನೆಯನ್ನು, ಗಂಡಹೆಂಡಿರ ಒಲವನ್ನು ಕಾವ್ಯದ ನಡುಮನೆಗೆ ತಂದಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಆ ಮನೆಯ ಹವೆ ಹೆಚ್ಚಾಗಿ ಬೆಳುದಿಂಗಳಿನದು, ಹೂವಿನದು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಹಳ್ಳಿಯ ಚಿತ್ರಗಳು’ (೧೯೩೦) ಹಳ್ಳಿಯ ಬಾಳನ್ನು ನಗೆಯೊಡನೆ ತೆರೆದಿಟ್ಟಿತು; ಆದರೆ ಗೊರೂರಿನ ಪಕ್ಕದಲ್ಲಿ ಹೇಮಾವತಿ ಹರಿಯುತ್ತಾಳೆ. ಹೊಳೆಯಿರುವ ಊರಿನ ಬೇಸಗೆ ಬೇರೆ, ಬಾವಿಯನ್ನು ನಂಬಿದ ಊರಿನ ಬೇಸಗೆ ಬೇರೆ.

ಇವರೆಲ್ಲರಲ್ಲಿ ಬೇಸಗೆ ಮುಂಗಾರಿಗೆ ಪೀಠಿಕೆ. ತಾಪ ಏರುತ್ತದೆ, ಮೋಡ ಕವಿಯುತ್ತದೆ, ಮಳೆ ಸುರಿಯುತ್ತದೆ, ಜೀವ ತಣಿಯುತ್ತದೆ. ಇದು ನಾಟಕದ ಕಟ್ಟಡ, ಸೊಗಸಾಗಿದೆ. ಆದರೆ ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ನಮ್ಮ ಕಡೆ ಋತುವಿನ ನಾಟಕಕ್ಕೆ ಈ ಅಂಕವಿಭಾಗವಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಒಂದೆರಡು ಗುಡುಗುಮಳೆ ಬಂದು ಧೂಳನ್ನು ಕೂರಿಸುತ್ತದೆ. ಜೂನ್ ಜುಲೈಯಲ್ಲಿ ಗಾಳಿಯೇ ಬೀಸುತ್ತದೆ, ಮೋಡ ಬಂದು ಹಾಗೆಯೇ ಹೋಗುತ್ತದೆ. ನೆಲ ನೆನೆಯುವ ಮಳೆಗೆ ಆಗಸ್ಟನ್ನೂ ಸೆಪ್ಟೆಂಬರನ್ನೂ ಕಾಯಬೇಕು. ಆಮೇಲೆ ಈಶಾನ್ಯದ ಮಾರುತ. ಆದುದರಿಂದ ಇಲ್ಲಿ ಬೇಸಗೆಯು ತಟ್ಟನೆ ಬರುವ ಬಿಡುಗಡೆಯಿಂದ ಮುಗಿಯದೆ ಕಾಯುವಿಕೆಯಿಂದ ಸವೆಯುತ್ತದೆ. ಕಾಯುವುದನ್ನು ವರ್ಣಿಸುವುದು ಸುರಿಯುವುದನ್ನು ವರ್ಣಿಸುವುದಕ್ಕಿಂತ ಕಷ್ಟ. ನಮ್ಮ ಕವಿಗಳು ಸುಲಭವಾದುದನ್ನು ಆರಿಸಿಕೊಂಡರೆನ್ನುವುದು ಅನ್ಯಾಯ. ಅವರು ತಮ್ಮ ನೆಲದ ಋತುವನ್ನು ಹಾಡಿದರು. ನಮ್ಮ ನೆಲದ ಋತುವನ್ನು ನಾವೇ ಹುಡುಕಿಕೊಳ್ಳಬೇಕು.

ಹುಡುಕುವಾಗ ನೆರೆಮನೆಯ ಕಡೆಗೊಮ್ಮೆ ನೋಡುವುದು ಒಳ್ಳೆಯದು. ಇಂದಿನ ಧರ್ಮಪುರಿಯ ಹಳೆಯ ಹೆಸರು ತಗಡೂರು. ಔವೈಯಾರಿಗೆ ಆಶ್ರಯ ಕೊಟ್ಟ ಅದಿಯಮಾನನ ಊರು ಅದು. ಮುಂದೆ ನೊಳಂಬರು ಕನ್ನಡ ಶಾಸನಗಳನ್ನು ಬರೆಯಿಸಿದ ಊರೂ ಅದೇ. ಆ ಹಳೆಯ ತಮಿಳು ಕಾವ್ಯಮೀಮಾಂಸೆಯಲ್ಲಿ ಐದು ತಿಣೈಗಳುಂಟು. ಅವುಗಳಲ್ಲಿ ‘ಪಾಲೈ’ ಎಂಬುದು ಬೇಗೆಯಿಂದ ಬೆಂಗಾಡಾದ ನೆಲ. ಅದರ ಋತು ಬೇಸಗೆ, ಹೊತ್ತು ನಡುಹಗಲು, ಭಾವ ಅಗಲಿಕೆ. ‘ಅಗನಾನೂರು’ ಸಂಕಲನದ ೪೦೦ ಪದ್ಯಗಳಲ್ಲಿ ೨೦೦ ಪಾಲೈಗೆ ಸೇರಿದವು. ಗಂಡು ಹಣವನ್ನರಸಿ ಸುಡುವ ದಾರಿಯಲ್ಲಿ ಹೋಗುತ್ತಾನೆ. ಹೆಣ್ಣು ಮನೆಯಲ್ಲಿ ಉಳಿಯುತ್ತಾಳೆ. ಈ ಪದ್ಯಗಳನ್ನು ಒಳಗೊಂಡ ವಿಭಾಗಕ್ಕೆ ‘ಅಗಂ’ ಎಂದು ಹೆಸರು. ಆ ಶಬ್ದಕ್ಕೆ ಒಳಗು ಎಂದೂ ಮನೆ ಎಂದೂ ಅರ್ಥ. ಹೊರಗೆ ಬಿಸಿಲು ಸುಡುವುದನ್ನು ಹೇಳಿ ಒಳಗೆ ಸುಡುವುದನ್ನು ಸೂಚಿಸುವ ಕಲೆ ಅಲ್ಲಿದೆ. ಸಂಸ್ಕೃತದ ಗ್ರೀಷ್ಮದಲ್ಲಿ ಪ್ರೇಮಿಗಳು ಕೂಡಿರುತ್ತಾರೆ. ತಮಿಳಿನ ಬೇಸಗೆಯಲ್ಲಿ ಅಗಲಿರುತ್ತಾರೆ. ಮಳೆಯಿಲ್ಲದ ವರ್ಷಗಳಲ್ಲಿ ದುಡಿಮೆಗಾಗಿ ಬೆಂಗಳೂರಿಗೋ ತಿರುಪ್ಪೂರಿಗೋ ಹೋಗುವವರ ಮನೆಗಳನ್ನು ಬಲ್ಲ ನಮಗೆ ಇವೆರಡರಲ್ಲಿ ಯಾವುದು ಹತ್ತಿರವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಕನ್ನಡದಲ್ಲಿ ಮನೆಯ ಬೇಸಗೆಯೇ ಇಲ್ಲವೆ? ಇದೆ; ಆದರೆ ಗ್ರೀಷ್ಮವರ್ಣನೆಯೆಂಬ ತಲೆಬರಹದ ಕೆಳಗೆ ಇಲ್ಲ. ನಮ್ಮ ಮಟ್ಟಿಗೆ ಅದರ ಮೊದಲ ಕಾವ್ಯ ಕನಕದಾಸರ ‘ರಾಮಧಾನ್ಯ ಚರಿತ್ರೆ’. ಕಥೆ ಎಲ್ಲರಿಗೂ ತಿಳಿದದ್ದು. ಶ್ರೀರಾಮನ ಮುಂದೆ ಅಕ್ಕಿಗೂ ರಾಗಿಗೂ ವಾದ ಹತ್ತುತ್ತದೆ. ಯಾರು ಹೆಚ್ಚೆಂಬುದನ್ನು ತೀರ್ಮಾನಿಸಲು ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ಅಕ್ಕಿ ಕೆಟ್ಟಿರುತ್ತದೆ, ರಾಗಿ ಗಟ್ಟಿಯಾಗಿರುತ್ತದೆ. ರಾಘವನು ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ವಿಮರ್ಶಕರು ಇಲ್ಲಿ ಮೇಲು ಕೀಳುಗಳ ವಿಡಂಬನೆಯನ್ನು ಕಂಡಿದ್ದಾರೆ; ಅದು ಸರಿಯಾದ ಮಾತು. ಆದರೆ ಅದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಕವಿ ಕಟ್ಟಿದ ಪರೀಕ್ಷೆ ಎಂತಹುದು? ಅದು ಯುದ್ಧವಲ್ಲ, ಶಾಸ್ತ್ರವಾದವೂ ಅಲ್ಲ. ಧಾನ್ಯವನ್ನು ಕತ್ತಲೆಯಲ್ಲಿ ತುಂಬಿ ಮುಚ್ಚಿ ತಿಂಗಳುಗಟ್ಟಲೆ ಬಿಡುವ ಪರೀಕ್ಷೆ. ಇದು ನಮ್ಮ ಹಿರಿಯರ ಹಗೇವು ಅಲ್ಲವೆ? ಅಂಗಳದಲ್ಲಿಯೋ ಹಿತ್ತಿಲಲ್ಲಿಯೋ ನೆಲವನ್ನು ಆಳವಾಗಿ ತೋಡಿ, ರಾಗಿ ತುಂಬಿ, ಹುಲ್ಲು ಹೊದಿಸಿ, ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ತೆರೆದಾಗ ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಯಾರನ್ನೂ ಇಳಿಸದೆ, ದೀಪವಿಳಿಸಿ ಅದು ಆರುವುದೋ ಉರಿಯುವುದೋ ನೋಡುತ್ತಿದ್ದರು. ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಕನಕದಾಸರು ಈ ಹಗೇವನ್ನೇ ಮನಸ್ಸಿನಲ್ಲಿಟ್ಟು ಬರೆದರೆಂದು ನಾವು ಸಾಧಿಸಹೊರಟಿಲ್ಲ. ಆದರೆ ರಾಗಿ ತಿನ್ನುವ ಮನೆಯವರು ಈ ಕಾವ್ಯವನ್ನು ಓದಿದರೆ ಸೆರೆಮನೆಯ ಚಿತ್ರದ ಹಿಂದೆ ಹಗೇವಿನ ಚಿತ್ರ ತಾನಾಗಿಯೇ ಮೂಡುತ್ತದೆ.

ಹಗೇವು ಬೇಸಗೆಗಾಗಿ, ಬೇಸಗೆಯನ್ನು ಮೀರಿದ ಬರಕ್ಕಾಗಿ ಇದ್ದ ಸಂಸ್ಥೆ. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮ ಮೈಸೂರನ್ನೂ ಸೇಲಂ ಜಿಲ್ಲೆಯನ್ನೂ ಒಂದೇ ಸಮನೆ ಹಿಂಡಿತು. ಧಾತು, ಈಶ್ವರ ಸಂವತ್ಸರಗಳ ಆ ಬರ ಎರಡು ಭಾಷೆಯ ಜನರ ನಾಲಗೆಯ ಮೇಲೂ ಉಳಿಯಿತು. ಅಂತಹ ಕಾಲವನ್ನು ಕಂಡ ನೆಲದಲ್ಲಿ, ಕೆಡದೆ ಉಳಿಯುವುದೇ ಹಿರಿಮೆ ಎಂಬ ಕನಕದಾಸರ ತೀರ್ಪು ಚಮತ್ಕಾರವಲ್ಲ, ಅನುಭವ. ಈ ಕಾವ್ಯವನ್ನು ಪಾಠಮಾಡುವಾಗ ನೀತಿಯನ್ನು ಮಾತ್ರ ಹೇಳಿ ಬಿಟ್ಟರೆ ಅದರ ಅರ್ಧವನ್ನು ಬಿಟ್ಟಂತಾಯಿತು.

ಎರಡನೆಯದು ಬೀಸುವ ಪದಗಳು. ೧೯೩೧ರಲ್ಲಿ ಹಲಸಂಗಿಯ ಗೆಳೆಯರು ಹೊರತಂದ ‘ಗರತಿಯ ಹಾಡು’ ವಿಜಯಪುರ ಜಿಲ್ಲೆಯ ಬಿಸಿಲುನಾಡಿನಿಂದ ಬಂದ ಸಂಕಲನ. ತವರು, ಅಣ್ಣ, ತೊಟ್ಟಿಲ ಕೂಸು, ದೇವರು ಇವು ಅದರ ವಿಷಯ. ಅಲ್ಲಿ ಬಿಸಿಲನ್ನು ಬಣ್ಣಿಸುವ ಪ್ರಯತ್ನವನ್ನು ಹುಡುಕಬೇಕಾಗಿಲ್ಲ. ಹಾಡು ಹುಟ್ಟಿದ ಹೊತ್ತಿನಲ್ಲಿಯೇ ಬೇಸಗೆಯಿದೆ. ಹಗಲಿನ ಕಾವಿಗೆ ಹೆದರಿ ಕತ್ತಲೆಯಲ್ಲಿ ಕಲ್ಲಿನ ಮುಂದೆ ಕುಳಿತವಳ ಉಸಿರಿಗೆ ತ್ರಿಪದಿಯ ಮೂರು ಸಾಲುಗಳು ಸರಿಹೊಂದುತ್ತವೆ. ಶಾಸ್ತ್ರವು ಋತುವನ್ನು ಕಾವ್ಯದ ಒಳಗೆ ವರ್ಣನೆಯಾಗಿ ಇಟ್ಟಿತು. ಈ ಹೆಂಗಸರು ಕಾವ್ಯವನ್ನೇ ಋತುವಿನ ಒಳಗೆ ಇಟ್ಟರು. ಇದಕ್ಕಿಂತ ದೊಡ್ಡ ವ್ಯತ್ಯಾಸವನ್ನು ನಾವು ಕಾಣೆವು.

ಮೂರನೆಯದು ಕಾದಂಬರಿ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (೧೯೪೧) ಕಡಲತಡಿಯದಾದರೂ ಪಾರೋತಿ ಸರಸೋತಿಯರ ನಿತ್ಯದ ದುಡಿಮೆಯ ಮೂಲಕ ಹವೆಯನ್ನು ತಿಳಿಸುವ ದಾರಿಯನ್ನು ತೋರಿಸಿತು. ಆ ದಾರಿಯಲ್ಲಿ ಬಯಲುಸೀಮೆಗೆ ಬಂದದ್ದು ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ (೧೯೭೦). ಅದರ ನಂಜಮ್ಮ ಗಂಡನ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನು ಬರೆಯುತ್ತಾಳೆ. ಮುತ್ತುಗದ ಎಲೆಯನ್ನು ತಂದು ಹಚ್ಚಿ ಮಾರಿ ಮಕ್ಕಳ ಹೊಟ್ಟೆಗೆ ಹಾಕುತ್ತಾಳೆ. ಮುತ್ತುಗವು ಎಲೆಯುದುರಿಸಿ ಬೆಂಕಿಯಂತೆ ಹೂ ಬಿಟ್ಟದ್ದನ್ನು ಹಳೆಯ ಕವಿಗಳು ವಸಂತದ ಉದ್ದೀಪನವೆಂದು ಹಾಡಿದರು. ನಂಜಮ್ಮನಿಗೆ ಬೇಕಾದದ್ದು ಹೂವಲ್ಲ, ಆಮೇಲೆ ಬರುವ ಎಲೆ. ಒಂದೇ ಮರವನ್ನು ಎರಡು ಸಾಹಿತ್ಯಗಳು ನೋಡಿದ ಬಗೆಯಿದು. ದೇವನೂರ ಮಹಾದೇವರ ‘ಒಡಲಾಳ’ ಇನ್ನೂ ಕಿರಿದಾದ ಮನೆಗೆ ಕರೆದುಕೊಂಡು ಹೋಗುತ್ತದೆ. ಸಾಕವ್ವನ ಗುಡಿಸಲಿನಲ್ಲಿ ಮನೆಯವರೆಲ್ಲರೂ ಕೂಡಿ ಇರುಳೆಲ್ಲ ಕಡಲೆಕಾಯಿ ತಿನ್ನುವ ಪ್ರಸಂಗವನ್ನು ಓದಿದವರು ಮರೆಯಲಾರರು. ಅಲ್ಲಿ ಹವಾವರ್ಣನೆಗೆ ಎಡೆಯಿಲ್ಲ. ಮಳೆ ನಂಬಿದ ನೆಲದ ಹಸಿವೇ ಅದರ ಹವೆ.

ಇಲ್ಲಿ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ಹುಣಸೆ, ಹಪ್ಪಳ, ಅಂಬಲಿ, ಹಗೇವುಗಳ ಪಟ್ಟಿ ಸಾಹಿತ್ಯವಾದೀತೆ? ಆಗದು. ಮನೆಯ ಸಾಮಾನುಗಳನ್ನು ಹೆಸರಿಸಿದ ಮಾತ್ರಕ್ಕೆ ಕಾವ್ಯವಾಗುವುದಾದರೆ ಸಂತೆಯ ಚೀಟಿಯೂ ಕಾವ್ಯವಾಗಬೇಕು. ಈಚಿನ ಎಷ್ಟೋ ಗ್ರಾಮೀಣ ಕಥೆಗಳಲ್ಲಿ ಈ ದೋಷವಿದೆ. ಒನಕೆ, ಬುಟ್ಟಿ, ಮೊರಗಳು ರಂಗಸಜ್ಜಿಕೆಯಂತೆ ನಿಂತಿರುತ್ತವೆ, ಅವುಗಳನ್ನು ಯಾರೂ ಮುಟ್ಟುವುದಿಲ್ಲ. ನಂಜಮ್ಮನ ಎಲೆ ಅಂತಹುದಲ್ಲ. ಅದರಿಂದ ಒಂದು ಸಂಸಾರ ನಿಲ್ಲುತ್ತದೆ. ವಸ್ತುವು ಪಾತ್ರದ ಬಾಳಿಗೆ ಅನಿವಾರ್ಯವಾದಾಗ ಮಾತ್ರ ಔಚಿತ್ಯ ಸಿದ್ಧಿಸುತ್ತದೆ. ಔಚಿತ್ಯವೇ ರಸದ ಜೀವವೆಂದ ಕ್ಷೇಮೇಂದ್ರನ ಮಾತಿಗೆ ಇದು ನಮ್ಮ ಹಳ್ಳಿಯ ಭಾಷ್ಯ.

ಇದರಿಂದ ನಮಗಾಗಬೇಕಾದ ಪ್ರಯೋಜನವೇನು? ನಮ್ಮ ಮಕ್ಕಳಿಗೆ ಕನ್ನಡ ಮನೆಯ ಭಾಷೆ. ಮನೆಯಿಂದ ಹೊರಗೆ ಅಂಗಡಿ, ಕಚೇರಿ, ರೈಲುನಿಲ್ದಾಣಗಳಲ್ಲಿ ತಮಿಳು. ೨೦೦೬ರ ತಮಿಳು ಕಲಿಕೆಯ ಕಾಯಿದೆಯ ತರುವಾಯ ಶಾಲೆಯಲ್ಲಿಯೂ ತಮಿಳು ಕಡ್ಡಾಯವಾಯಿತು. ತಮಿಳನ್ನು ಕಲಿಯುವುದು ನಷ್ಟವಲ್ಲ. ಪಾಲೈಯ ಪದ್ಯಗಳನ್ನು ಮೂಲದಲ್ಲಿ ಓದಬಲ್ಲ ಕನ್ನಡ ಮಕ್ಕಳು ಅದೃಷ್ಟವಂತರು. ನಷ್ಟವಿರುವುದು ಬೇರೆಡೆ. ಮನೆಯೇ ಕನ್ನಡದ ಕೊನೆಯ ನೆಲೆಯಾಗಿರುವಾಗ, ಶಾಲೆಯ ಕನ್ನಡವು ಮನೆಯನ್ನು ಹೇಳದೆ ದೂರದ ಜಲಪಾತಗಳನ್ನು ಮಾತ್ರ ಹೇಳಿದರೆ, ಮಗುವಿಗೆ ಆ ಭಾಷೆ ಪರೀಕ್ಷೆಗೆ ಬರೆಯುವ ಭಾಷೆಯಾಗಿ ಉಳಿಯುತ್ತದೆ. ಪರೀಕ್ಷೆ ಮುಗಿದ ದಿನ ಅದೂ ಮುಗಿಯುತ್ತದೆ.

ಮನೆಯೂ ನಿಂತಲ್ಲಿ ನಿಂತಿಲ್ಲ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿ ಮಕ್ಕಳ ಹಲ್ಲು ಕಂದಾಗುವುದನ್ನೂ ದೊಡ್ಡವರ ಮೂಳೆ ಬಿಗಿಯುವುದನ್ನೂ ತಡೆಯಲು ೨೦೧೩ರಲ್ಲಿ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಆರಂಭವಾಯಿತು. ಕಾವೇರಿ ನಲ್ಲಿಗೆ ಬಂದಳು. ಇದು ದೊಡ್ಡ ಉಪಕಾರ. ಆದರೆ ಬಾವಿಯೊಡನೆ ಹಗ್ಗ, ರಾಟೆ, ಸಿಂಬೆಗಳ ಮಾತೂ ಹಿಂದೆ ಸರಿಯುತ್ತದೆ. ಹಗೇವು ಮುಚ್ಚಿಹೋಯಿತು, ಬೀಸುವ ಕಲ್ಲು ಗೋಡೆಗೊರಗಿತು. ಹೋದ ಕಷ್ಟವನ್ನು ಮರಳಿ ತರಬೇಕೆಂದು ಯಾರೂ ಹೇಳರು. ಕಷ್ಟ ಹೋಗಲಿ, ಅದನ್ನು ಹೇಳುತ್ತಿದ್ದ ಮಾತು ಹೋಗದಿರಲಿ. ಅಜ್ಜಿಯ ಬಾಯಲ್ಲಿರುವ ಆ ಮಾತುಗಳನ್ನು ಮೊಮ್ಮಗುವಿನ ಬರಹದ ಪುಸ್ತಕಕ್ಕೆ ಇಳಿಸುವ ಕೆಲಸಕ್ಕೆ ಬೇಸಗೆಯ ರಜೆಗಿಂತ ತಕ್ಕ ಕಾಲವಿಲ್ಲ.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಕುವೆಂಪು, ಬೇಂದ್ರೆಯವರ ಮಳೆಯನ್ನು ಪ್ರೀತಿಯಿಂದ ಪಾಠಮಾಡಿರಿ. ಅದು ಕನ್ನಡದವರೆಲ್ಲರ ಆಸ್ತಿ. ಅದರ ಪಕ್ಕದಲ್ಲಿ ‘ರಾಮಧಾನ್ಯ ಚರಿತ್ರೆ’ಯನ್ನೂ ಬೀಸುವ ಪದಗಳನ್ನೂ ಇಡಿರಿ. ಬೇಸಗೆಯ ಮೇಲೆ ಪ್ರಬಂಧ ಬರೆಯಿಸುವಾಗ ಕೋಗಿಲೆಯನ್ನು ಕೇಳಬೇಡಿರಿ. ಮನೆಯಲ್ಲಿ ಮೊದಲು ಎದ್ದವರು ಯಾರು, ನೀರು ಎಲ್ಲಿಂದ ಬಂತು, ಅಂಗಳದಲ್ಲಿ ಏನು ಒಣಗುತ್ತಿತ್ತು, ಯಾರು ಊರು ಬಿಟ್ಟು ದುಡಿಯಲು ಹೋದರು ಎಂದು ಕೇಳಿರಿ. ವಿದ್ಯಾರ್ಥಿಗಳೂ ಒಂದು ಮಾತನ್ನು ನೆನಪಿನಲ್ಲಿಡಬೇಕು. ನಿಮ್ಮ ಊರಿನ ಬೇಸಗೆ ಪುಸ್ತಕದಲ್ಲಿ ಇಲ್ಲದಿದ್ದರೆ ಅದು ಬರೆಯಲು ಯೋಗ್ಯವಲ್ಲವೆಂದು ಅರ್ಥವಲ್ಲ. ಇನ್ನೂ ಯಾರೂ ಬರೆದಿಲ್ಲವೆಂದು ಮಾತ್ರ ಅರ್ಥ.